ಮೇಗರೆನ್‌ನ ನಕಲಿ ವರ್ಮೀರ್: ಹೊಸ ಬಣ್ಣ ಗಟ್ಟಿಯಾದದ್ದು ಹೇಗೆ?

20ನೇ ಶತಮಾನದ ಡಚ್ ಚಿತ್ರಕಾರ ಹಾನ್ ವಾನ್ ಮೇಗರೆನ್, 17ನೇ ಶತಮಾನದ ಡಚ್ ಕಲಾವಿದ ವರ್ಮೀರ್‌ನ ಹೆಸರಲ್ಲಿ ಬರೆದ ನಕಲಿ ಚಿತ್ರ ಸ್ಪಿರಿಟ್ (ಆಲ್ಕೋಹಾಲ್) ಪರೀಕ್ಷೆಯಲ್ಲಿ ಹೇಗೆ ಪಾಸಾಯಿತು ಅಂತ ಕೇಳಿದ್ದೀರಿ. ತೈಲವರ್ಣ ಪೂರ್ತಿ ಗಟ್ಟಿಯಾಗಲು ದಶಕಗಳೇ ಬೇಕು; ಹೊಸದಾದರೆ ಆಲ್ಕೋಹಾಲ್ ಅದ್ದಿದ ಹತ್ತಿಗೇ ಬಣ್ಣ ಬಿಡುತ್ತದೆ. ಆತ ಬಣ್ಣಕ್ಕೆ ಫೀನಾಲ್, ಫಾರ್ಮಾಲ್ಡಿಹೈಡ್ ಬೆರೆಸಿ (ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ತಯಾರಾಗುವುದೂ ಇವುಗಳಿಂದಲೇ) ಚಿತ್ರವನ್ನು ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿಟ್ಟ. ಬಣ್ಣ ಕಲ್ಲಾಯಿತು. ಕ್ಯಾನ್ವಾಸ್ ಮಾತ್ರ ನಿಜಕ್ಕೂ 17ನೇ ಶತಮಾನದ್ದೇ, ಹಳೆಯ ಚಿತ್ರ ಕೆರೆದು ತೆಗೆದದ್ದು. ಕೊನೆಗೆ ಉರುಳೆಗೆ ಸುತ್ತಿ ಬಿರುಕು ಬರಿಸಿ, ಆ ಸೀಳುಗಳಿಗೆ ಕಪ್ಪು ಶಾಯಿ ಇಳಿಸಿದ. ನೋಡಿದವರಿಗೆ ಶತಮಾನಗಳ ಕೊಳೆ!

ಆದರೆ ನನ್ನ ಪ್ರಕಾರ ರಸಾಯನಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ತಜ್ಞರ ಆಸೆ. ವರ್ಮೀರ್ ಬರೆದ ಧಾರ್ಮಿಕ ಚಿತ್ರಗಳು ಇನ್ನೂ ಸಿಗಬೇಕಿವೆ ಎಂದು ಹಲವರು ಕಾದಿದ್ದರು. ಅಂಥದ್ದೇ ಎದುರಿಗೆ ಬಂದಾಗ ಡಚ್ ಕಲಾ ಇತಿಹಾಸಕಾರ ಅಬ್ರಹಾಂ ಬ್ರೆಡಿಯಸ್ 1937ರಲ್ಲಿ ಮನಸಾರೆ ಒಪ್ಪಿಬಿಟ್ಟರು.