ಪಿತ್ತಕೋಶ ತೆಗೆಸಿದ ಮೇಲೆ ಭೇದಿ: ಡಾಕ್ಟರು ಬರೆದ ಪುಡಿ ಕುಡಿಯಲೋ, ಎಣ್ಣೆ-ತುಪ್ಪ ಬಿಡಲೋ?

ಪಿತ್ತಕೋಶ ತೆಗೆಸಿದ ಮೇಲೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಹೊಟ್ಟೆ ಹಿಡಿದು ಕೂತು ಗೊತ್ತಿದ್ದವ ನಾನು. ಕುಮಟೆಯಲ್ಲಿ ಎರಡು ಇಡ್ಲಿ ತಿಂದರೆ ಶಿರಸಿ ಮುಟ್ಟುವುದರೊಳಗೆ ಬಸ್ಸು ನಿಲ್ಲಿಸಬೇಕಿತ್ತು. ಅಂಕೋಲೆಯಿಂದ ನೀವು ಬರೆದದ್ದೂ ಅದೇ ಕಥೆ: ಆಪರೇಷನ್ ಆದ ಮೇಲೆ ಭೇದಿ, ಡಾಕ್ಟರು ಕೊಲೆಸ್ಟಿರಮೀನ್ ಪುಡಿ ಬರೆದಿದ್ದಾರೆ, ಅದನ್ನು ಕುಡಿಯಲೋ, ಎಣ್ಣೆ-ತುಪ್ಪ ಬಿಡಲೋ ಅಂತ. ಕೊನೆಯಲ್ಲಿ ‘ಥೈರಾಯ್ಡ್ ಮಾತ್ರೆಯೂ ಇದೆ’ ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಅದನ್ನು ನೋಡಿಯೇ ಬರೆಯಲು ಕೂತೆ.

ಮೊದಲು ಒಂದು ಮಾತು. ‘ಚೀಲ ಹೋಯಿತು, ಪಿತ್ತ ಕಮ್ಮಿ ಬಿತ್ತು, ಅದಕ್ಕೇ ಜಿಡ್ಡು ಅರಗುವುದಿಲ್ಲ’ ಅಂದಿದ್ದೀರಿ. ಅದು ತಪ್ಪು. ಪಿತ್ತರಸ ಮಾಡುವುದು ಯಕೃತ್ತು, ಅದು ಈಗಲೂ ಮಾಡುತ್ತಿದೆ. ಚೀಲದ ಕೆಲಸ 30–50 ಮಿಲಿಲೀಟರ್‌ನಷ್ಟನ್ನು ಗಟ್ಟಿ ಮಾಡಿ ಇಟ್ಟುಕೊಂಡು, ಊಟದಲ್ಲಿ ಕೊಬ್ಬು ಬಂದಾಗ ಹಿಂಡುವುದು, ಅಷ್ಟೆ. ಈಗ ನಲ್ಲಿ ಸರಿಯಾಗಿ ಮುಚ್ಚದ ಹಾಗೆ ಹಗಲು ರಾತ್ರಿ ತೊಟ್ಟಿಕ್ಕುತ್ತಿರುತ್ತದೆ. ಮನೆಯಲ್ಲಿ ಹಿರಿಯರು ‘ಪಿತ್ತ ಏರಿದೆ, ಮುರುಗಲು ಸಾರು ಕುಡಿ’ ಅನ್ನುತ್ತಾರಲ್ಲ, ಆ ಪಿತ್ತ ಬೇರೆ, ಪಿತ್ತರಸದಲ್ಲಿದ್ದು ಕೊಬ್ಬು ಕರಗಿಸುವ ಈ ಪಿತ್ತಾಮ್ಲ ಬೇರೆ. ಮುರುಗಲು ರುಚಿಗೆ ಕುಡಿಯಿರಿ.

ಪಿತ್ತಾಮ್ಲವನ್ನು ಯಕೃತ್ತು ಕೊಲೆಸ್ಟರಾಲಿನಿಂದ ಮಾಡುತ್ತದೆ. ಮೈಯಲ್ಲಿ ಒಟ್ಟು ಇರುವುದು 2ರಿಂದ 4 ಗ್ರಾಂ. ಅಷ್ಟೇ ಸರಕು ದಿನಕ್ಕೆ ಆರೇಳು ಸಲ, ಕೆಲವೊಮ್ಮೆ ಹತ್ತು ಸಲ, ಯಕೃತ್ತಿನಿಂದ ಕರುಳಿಗೆ, ಕರುಳಿನಿಂದ ಯಕೃತ್ತಿಗೆ ಸುತ್ತುತ್ತದೆ. ಸಣ್ಣ ಕರುಳಿನ ಕೊನೆಯ ತುಂಡು, ಅಂದರೆ ಇಲಿಯಂ, ಸುಮಾರು 95 ಶೇಕಡಾವನ್ನು ವಾಪಸು ಎಳೆದುಕೊಳ್ಳುತ್ತದೆ. ದಿನಕ್ಕೆ ಅರ್ಧ ಗ್ರಾಂನಷ್ಟು ಮಲದಲ್ಲಿ ಹೋಗುತ್ತದೆ, ಯಕೃತ್ತು ಅಷ್ಟನ್ನೇ ಹೊಸದಾಗಿ ಮಾಡುತ್ತದೆ. ಲೆಕ್ಕ ಇಡುವುದೂ ಇಲಿಯಮ್ಮೇ. ಅಲ್ಲಿನ ಕೋಶಗಳಲ್ಲಿ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ, ಅಂದರೆ ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನು, ಇದೆ. ಅದು ಪಿತ್ತಾಮ್ಲಕ್ಕೆ ಸ್ಪಂದಿಸುತ್ತದೆ ಅಂತ ಗೊತ್ತಾದದ್ದು 1999ರಲ್ಲಿ. ಪಿತ್ತಾಮ್ಲ ತಾಗಿದ ಕೂಡಲೇ ಎಫ್‌ಜಿಎಫ್-19 ಎಂಬ ಹಾರ್ಮೋನು ಹೊರಟು ಯಕೃತ್ತಿಗೆ ‘ಸಾಕು’ ಅನ್ನುತ್ತದೆ. ಟಿಜಿಆರ್-5 ಎಂಬ ಇನ್ನೊಂದು ಗ್ರಾಹಕದ ಮೂಲಕ ಇದೇ ಪಿತ್ತಾಮ್ಲ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಹೊರಡಿಸಿ ರಕ್ತದ ಸಕ್ಕರೆಯ ವಿಚಾರದಲ್ಲೂ ಕೈಯಾಡಿಸುತ್ತದೆ. ಬರೀ ಎಣ್ಣೆ ಕರಗಿಸುವ ಸೋಪು ಅಂತ ತಿಳಿಯಬೇಡಿ.

ಇಲಿಯಂ ತಪ್ಪಿಸಿಕೊಂಡು ಹೆಚ್ಚು ಪಿತ್ತಾಮ್ಲ ದೊಡ್ಡ ಕರುಳಿಗೆ ಬಿದ್ದರೆ ಅಲ್ಲಿ ನೀರು ಒಸರುತ್ತದೆ, ಕರುಳು ದೂಡುತ್ತದೆ. ಅದೇ ನಿಮ್ಮ ಭೇದಿ. ಕೊಲೆಸ್ಟಿರಮೀನ್ ಪುಡಿ ಅದನ್ನು ಹಿಡಿದು ಮಲದೊಟ್ಟಿಗೆ ಹೊರಗೆ ಹಾಕುತ್ತದೆ. ಪುಡಿ ಸ್ವತಃ ರಕ್ತಕ್ಕೆ ಹೋಗುವುದಿಲ್ಲ.

ಇನ್ನು ನಾನು ಎಡವಿದ್ದು. ನನ್ನದು ಔಷಧಿ ಅಂಗಡಿ, ಹಾಗಾಗಿ ನಾಚಿಕೆ ಇನ್ನೂ ಜಾಸ್ತಿ. ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ 75 ಮೈಕ್ರೋಗ್ರಾಂ, ಕಾಲು ಗಂಟೆ ಬಿಟ್ಟು ಪುಡಿ. ಎರಡೂ ಮುಗಿಯಿತಲ್ಲ ಅಂತ ಸಮಾಧಾನ. ಈ ಪುಡಿ ಧನ ವಿದ್ಯುದಂಶ ಇರುವ ರಾಳ. ತನ್ನ ಕ್ಲೋರೈಡ್ ಬಿಟ್ಟು ಋಣಾಂಶದ ಪಿತ್ತಾಮ್ಲ ಹಿಡಿಯುವುದು ಅದರ ಗುಣ, ಆದರೆ ಪಿತ್ತಾಮ್ಲವೇ ಬೇಕು ಅಂತ ಅದಕ್ಕೆ ಹಟವಿಲ್ಲ. ಥೈರಾಕ್ಸಿನ್ ಸಿಕ್ಕಿದರೆ ಅದನ್ನೂ ಹಿಡಿಯುತ್ತದೆ. ಮಾತ್ರೆ ರಕ್ತಕ್ಕೆ ಹೋಗುವ ಮೊದಲೇ ಕರುಳಲ್ಲಿ ಸಿಕ್ಕಿಬಿತ್ತು. ಮಲಬದ್ಧತೆ ಶುರುವಾಯಿತು, ಪುಡಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದುಕೊಂಡೆ. ಮುಖ ಊದಿತು, ಮಳೆಗಾಲದ ಥಂಡಿ ಅಂದುಕೊಂಡೆ. ಕೊಲೆಸ್ಟರಾಲ್ ಏರಿತು. ಅಲ್ಲಾದರೂ ಎಚ್ಚರಾಗಬೇಕಿತ್ತು! ಪಿತ್ತಾಮ್ಲ ಹೊರಗೆ ಹೋದಷ್ಟೂ ಹೊಸದು ಮಾಡಲು ಯಕೃತ್ತು ರಕ್ತದ ‘ಕೆಟ್ಟ ಕೊಲೆಸ್ಟರಾಲ್’ ಆದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ, ಹಾಗಾಗಿ ಈ ಪುಡಿ ಕುಡಿಯುವವನ ಎಲ್‌ಡಿಎಲ್ ಇಳಿಯಬೇಕು. ಏರಿದೆ ಅಂದರೆ ಥೈರಾಯ್ಡ್ ಕುಸಿದಿರಬಹುದು. ಟಿಎಸ್‌ಎಚ್ (ಥೈರಾಯ್ಡ್ ಕುಸಿದಷ್ಟೂ ಏರುವ ಹಾರ್ಮೋನು) 14ಕ್ಕೆ ಹೋಗಿತ್ತು. ಪುಡಿಯ ವಿಷಯ ನಾನು ಹೇಳಲಿಲ್ಲ, ಡಾಕ್ಟರು ಮಾತ್ರೆಯನ್ನು 100ಕ್ಕೆ ಏರಿಸಿದರು. ಆಮೇಲೆ ನಾನೇ ಜಾಣನಾಗಿ ಪುಡಿಯ ಹೊತ್ತು ಬದಲಾಯಿಸಿದೆ, ಅದನ್ನೂ ಹೇಳಲಿಲ್ಲ. ಈಗ ಪೂರ್ತಿ 100 ಒಳಗೆ ಹೋಗತೊಡಗಿತು, ಎದೆ ಹೊಡೆದುಕೊಳ್ಳಲು ಶುರು.

ಮಾತ್ರೆಗೂ ಪುಡಿಗೂ ಕನಿಷ್ಠ 4 ಗಂಟೆ ಅಂತರ ಬೇಕು. ನನಗೆ ಒಗ್ಗಿದ್ದು: ರಾತ್ರಿ ಊಟ 8ಕ್ಕೆ, ಥೈರಾಕ್ಸಿನ್ 11ಕ್ಕೆ, ಪುಡಿ ಮರುದಿನ ಬೆಳಿಗ್ಗೆ ತಿಂಡಿಗೆ ಮುಂಚೆ. ಅಂತರ ಎಷ್ಟೇ ಇಟ್ಟರೂ, ಪಿತ್ತದ ಮೂಲಕ ಕರುಳಿಗೆ ಇಳಿದು ವಾಪಸಾಗುವ ಒಂದಷ್ಟು ಥೈರಾಯ್ಡ್ ಹಾರ್ಮೋನನ್ನು ಪುಡಿ ಹಿಡಿದೇ ಹಿಡಿಯುತ್ತದೆ. ಹಾಗಾಗಿ ಶುರು ಮಾಡಿದಾಗ, ಹೊತ್ತು ಬದಲಾಯಿಸಿದಾಗ, ಬಿಟ್ಟಾಗ, ಮೂರು ಸಲವೂ 6–8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಬೇರೆ ಮಾತ್ರೆಗಳಿದ್ದರೆ ಪುಡಿಗೆ 1 ಗಂಟೆ ಮುಂಚೆ ಅಥವಾ 4–6 ಗಂಟೆ ಆದ ಮೇಲೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಇದ್ದರೆ ಡಾಕ್ಟರಿಗೆ ಹೇಳದೆ ಪ್ಯಾಕೆಟ್ ಒಡೆಯಲೇ ಬೇಡಿ.

4 ಗ್ರಾಂ ಪ್ಯಾಕೆಟ್ಟನ್ನು ಒಣದಾಗಿ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಲೋಟ ನೀರಿನ ಮೇಲೆ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಕದಡಿ ಕುಡಿಯಿರಿ. ಕರಗುವುದಿಲ್ಲ, ನುಣ್ಣನೆ ಮರಳಿನ ಹಾಗೆ ತಳದಲ್ಲಿ ಕೂರುತ್ತದೆ, ಇನ್ನಷ್ಟು ನೀರು ಹಾಕಿ ಅದನ್ನೂ ಮುಗಿಸಿ. ಬಾಯಲ್ಲಿ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿದರೆ ಹಲ್ಲು ಕೆಡುತ್ತದೆ. ಅರ್ಧ ಪ್ಯಾಕೆಟ್ಟಿನಿಂದ ಶುರು ಮಾಡಬಹುದೇ ಅಂತ ಡಾಕ್ಟರನ್ನು ಕೇಳಿ. ನನಗೆ ಅರ್ಧವೇ ಸಾಕಾಯಿತು, ಪೂರ್ತಿ ಹಾಕಿದರೆ ಮೂರು ದಿನ ಹೊರಗೇ ಹೋಗುತ್ತಿರಲಿಲ್ಲ.

ಎಣ್ಣೆ-ತುಪ್ಪದ ವಿಷಯ. ಕಮ್ಮಿ ಮಾಡಿದರೆ ಹಲವರಿಗೆ ಅನುಕೂಲವಿದೆ, ಪೂರ್ತಿ ಬಿಡುವುದು ದಡ್ಡತನ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನೊಟ್ಟಿಗೇ ಮೈಗೆ ಹತ್ತುವುದು, ಅವನ್ನು ಪುಡಿಯೂ ತಡೆಯುತ್ತದೆ. ‘ತೆಂಗಿನೆಣ್ಣೆಗೆ ಪಿತ್ತವೇ ಬೇಡ’ ಅನ್ನುವುದು ಅರ್ಧ ನಿಜ. ಅದರಲ್ಲಿ ಅರ್ಧದಷ್ಟು ಇರುವ ಲಾರಿಕ್ ಆಮ್ಲದ ಬಹುಪಾಲು ಉಳಿದ ಕೊಬ್ಬಿನ ದಾರಿಯಲ್ಲೇ ಹೋಗುತ್ತದೆ. ಕುಚ್ಚಲಕ್ಕಿ ಗಂಜಿಯ ಮೇಲೆ ಒಂದು ಚಮಚ ತುಪ್ಪ ಇರಲಿ, ಕರಿದ ಬಂಗಡೆ ಸದ್ಯಕ್ಕೆ ಬೇಡ.

ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದೂ ಭೇದಿ ಮಾಡಿಸುತ್ತದೆ. ಮಲದಲ್ಲಿ ರಕ್ತ, ಜ್ವರ, ಕಾಮಾಲೆ, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಪುಡಿ ಕಪಾಟಿನಲ್ಲಿಡಿ, ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಕುಡಿಯುವ ಮಾತ್ರೆಗಳನ್ನೆಲ್ಲ ಒಂದು ಕೊಟ್ಟೆಯಲ್ಲಿ ಹಾಕಿಕೊಂಡು ಹೋಗಿ, ಪುಡಿಯ ಪ್ಯಾಕೆಟ್ಟನ್ನೂ.