ಎಚ್-ಇಂಡೆಕ್ಸ್ 41 ಇರುವ ಗೈಡ್ ಒಳ್ಳೆಯವರೋ, 11 ಇರುವವರೋ?

ಪ್ರಶ್ನೆ: ನನ್ನ ಮಗಳು ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿ ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿದ್ದಾಳೆ. ಒಬ್ಬರು ಥಿಯರಿಯವರು, ಎಚ್-ಇಂಡೆಕ್ಸ್ 11. ಇನ್ನೊಬ್ಬರು ಮೆಟೀರಿಯಲ್ಸ್‌ನವರು, ಎಚ್-ಇಂಡೆಕ್ಸ್ 41. ಇವರ ಹೆಸರಿನಲ್ಲಿ ಕೆಮಿಸ್ಟ್ರಿ, ಮೆಡಿಸಿನ್, ಪರಿಸರ, ಎಂಜಿನಿಯರಿಂಗ್ ಎಲ್ಲ ಪೇಪರ್‌ಗಳೂ ಇವೆ. ಇಷ್ಟು ವಿಷಯ ಗೊತ್ತಿರುವವರೇ ದೊಡ್ಡವರು ಅಲ್ವಾ? ಮಗಳಿಗೆ ಮಾತ್ರ ಮೊದಲನೆಯವರ ಕೆಲಸ ಇಷ್ಟ.
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಆ 41 ಮತ್ತು 11ನ್ನು ಅಕ್ಕಪಕ್ಕ ಇಟ್ಟು ನೋಡಬೇಡಿ. ಅವೆರಡೂ ಬೇರೆ ಬೇರೆ ಅಳತೆಗಳು. ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂತು ಸಂಶೋಧಕರ ಪೇಪರ್‌ಗಳ ಲೆಕ್ಕ ನೋಡಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಮೊದಲು ಲೆಕ್ಕ ಹೇಗೆ ಅಂತ ನೋಡೋಣ. ಒಬ್ಬರ ಎಚ್-ಇಂಡೆಕ್ಸ್ 11 ಅಂದರೆ, ಬೇರೆಯವರು ತಲಾ ಕನಿಷ್ಠ 11 ಸಲ ಉಲ್ಲೇಖಿಸಿದ 11 ಪೇಪರ್‌ಗಳು ಅವರ ಹೆಸರಿನಲ್ಲಿ ಇವೆ ಅಂತ. ಒಬ್ಬರ ಆರು ಪೇಪರ್‌ಗಳನ್ನು ಬೇರೆಯವರು ಕ್ರಮವಾಗಿ 40, 22, 9, 6, 5, 3 ಸಲ ಉಲ್ಲೇಖಿಸಿದ್ದಾರೆ ಅಂದುಕೊಳ್ಳಿ. ಮೇಲಿನಿಂದ ಎಣಿಸುತ್ತಾ ಬನ್ನಿ. ಐದನೆಯದಕ್ಕೆ 5 ಇದೆ, ಸರಿ. ಆರನೆಯದಕ್ಕೆ ಬರೀ 3. ಅಲ್ಲಿಗೆ ನಿಲ್ಲಿಸಬೇಕು, ಎಚ್-ಇಂಡೆಕ್ಸ್ 5. ಮೊದಲ ಪೇಪರ್‌ಗೆ 40ರ ಬದಲು 4,000 ಬಂದಿದ್ದರೂ ಅದು 5ರಲ್ಲೇ ಇರುತ್ತದೆ. ಇದನ್ನು 2005ರಲ್ಲಿ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಜೀವವಿಜ್ಞಾನದ ದೊಡ್ಡವರ ಅಂಕ ಭೌತವಿಜ್ಞಾನದವರಿಗಿಂತ ಜಾಸ್ತಿ ಇರುತ್ತದೆ ಎಂಬುದನ್ನು ಅವರು ಆ ಪ್ರಬಂಧದಲ್ಲೇ ಬರೆದಿದ್ದರು.

ಕಾರಣ ಸರಳ. ಒಂದು ವಿಷಯದಲ್ಲಿ ಕೆಲಸ ಮಾಡುವವರು ಜಾಸ್ತಿ ಇದ್ದಷ್ಟೂ, ಅವರು ಪ್ರತಿ ಪೇಪರ್‌ನ ಕೊನೆಗೆ ಕೊಡುವ ಉಲ್ಲೇಖಗಳ ಪಟ್ಟಿ ಉದ್ದವಿದ್ದಷ್ಟೂ ಎಲ್ಲರ ಅಂಕವೂ ಏರುತ್ತದೆ. ಥಿಯರಿಯಲ್ಲಿ, ಗಣಿತದಲ್ಲಿ ಜನವೂ ಕಡಿಮೆ, ಪಟ್ಟಿಯೂ ಗಿಡ್ಡ. ನಮ್ಮ ತೋಟಗಳ ವಿಷಯವನ್ನೇ ತಗೊಳ್ಳಿ. ಅಡಿಕೆಯ ಕೊಳೆರೋಗದ ಮೇಲೆ ಎಷ್ಟು ಒಳ್ಳೆಯ ಪೇಪರ್ ಬರೆದರೂ, ಅದನ್ನು ಉಲ್ಲೇಖಿಸಲು ಅಡಿಕೆಯ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ? ಮಳೆಗಾಲದಲ್ಲಿ ಬೋರ್ಡೋ ಹೊಡೆಯುವ ಕೃಷಿಕರಿಗೆ ಆ ಕೆಲಸದಿಂದ ಆಗುವ ಉಪಕಾರ ಯಾವ ಸೈಟೇಶನ್ (ಉಲ್ಲೇಖ) ಲೆಕ್ಕಕ್ಕೂ ಸೇರುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ.

ಇನ್ನು ಆ ಹಲವು ವಿಷಯಗಳು. ಪೇಪರ್‌ಗಳ, ಉಲ್ಲೇಖಗಳ ಲೆಕ್ಕ ಇಡುವ ಸ್ಕೋಪಸ್‌ನಂಥ ಕಡೆ ವಿಷಯದ ಹೆಸರು ಬರುವುದು ಪೇಪರ್ ಅಚ್ಚಾದ ಜರ್ನಲ್‌ನಿಂದ. ಒಂದೇ ಜರ್ನಲ್ ಕೆಮಿಸ್ಟ್ರಿಯಲ್ಲೂ ಎಂಜಿನಿಯರಿಂಗ್‌ನಲ್ಲೂ ಇರಬಹುದು. ಹಾಗಾಗಿ ಒಂದೇ ಕೆಲಸ ನಾಲ್ಕು ವಿಷಯವಾಗಿ ಕಾಣಿಸಬಹುದು.

ಇನ್ನೊಂದು ಸಾಧ್ಯತೆ, ಹೆಸರು ಕಲಸಿಹೋಗಿರುವುದು. ನಮ್ಮ ಕಡೆ ಶೆಟ್ಟಿ, ಭಟ್, ರಾವ್, ಡಿಸೋಜ ಎಷ್ಟು ಮಂದಿ! ಇನಿಶಿಯಲ್ ಒಂದೇ ಆದರೆ ಕಂಪ್ಯೂಟರ್ ಇಬ್ಬರನ್ನು ಒಬ್ಬರಾಗಿ ಮಾಡಿಬಿಡುತ್ತದೆ. ಸಮುದ್ರದ ಪಾಚಿಯ ಮೇಲೆ ಕೆಲಸ ಮಾಡುವ ಒಬ್ಬ ಅಧ್ಯಾಪಕರ ಗೂಗಲ್ ಸ್ಕಾಲರ್ ಪ್ರೊಫೈಲ್ ಸರಿಮಾಡಲು ಒಂದು ಸಂಜೆ ಅವರ ಜೊತೆ ಕೂತಿದ್ದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಮೊಣಕಾಲಿನ ಆಪರೇಶನ್ ಬಗ್ಗೆ ಒಂದು ಪೇಪರ್! ಅದನ್ನೂ ಅಂಥವೇ ಇನ್ನೂ ಕೆಲವನ್ನೂ ತೆಗೆದಾಗ ಅಂಕ ಇಳಿಯಿತು. ಅವರು ಮುಖ ಸಣ್ಣ ಮಾಡಲಿಲ್ಲ, "ಈಗ ಇದು ನನ್ನದು" ಅಂದರು. ಈ ಗೊಂದಲ ಬೇಡ ಅಂತಲೇ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ 2012ರಿಂದ ಇದೆ. ಎರಡನೆಯವರಿಗೆ ಅದು ಇದೆಯಾ ನೋಡಿ. ಅಂದಹಾಗೆ, ಇಬ್ಬರ ಅಂಕವನ್ನೂ ಒಂದೇ ಕಡೆಯಿಂದ ತೆಗೆಯಿರಿ. ಗೂಗಲ್ ಸ್ಕಾಲರ್ ಥೀಸಿಸ್‌ಗಳನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಜಾಸ್ತಿ ತೋರಿಸುತ್ತದೆ.

ಇದರಿಂದ ಎರಡನೆಯವರ ಮೇಲೆ ಅನುಮಾನ ಪಡಬೇಡಿ. ನಿಜವಾಗಿಯೂ ನಾಲ್ಕು ಕಡೆ ಕೈಯಾಡಿಸಿದವರು ಇರುತ್ತಾರೆ. ಆದರೆ ಪೇಪರ್‌ನಲ್ಲಿ ಅವರ ಪಾಲೆಷ್ಟು ಎಂಬುದು ಬೇರೆ ಪ್ರಶ್ನೆ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಒಂದು ಪೇಪರ್‌ಗೆ 5,154 ಲೇಖಕರಿದ್ದರು. ಅದಕ್ಕೆ ಬರುವ ಪ್ರತಿ ಸೈಟೇಶನ್ ಅಷ್ಟೂ ಜನರ ಖಾತೆಗೂ ಜಮೆ.

ಮಗಳಿಗೆ ಒಂದು ಕೆಲಸ ಹೇಳಿ. ಇಬ್ಬರ ಕಳೆದ ಐದು ವರ್ಷದ ಪೇಪರ್‌ಗಳನ್ನು ತೆರೆದು ಲೇಖಕರ ಹೆಸರು ನೋಡಲಿ. ಮೆಟೀರಿಯಲ್ಸ್‌ನಲ್ಲಿ ಮುಖ್ಯ ಕೆಲಸ ಮಾಡಿದವರ ಹೆಸರು ಸಾಮಾನ್ಯವಾಗಿ ಮೊದಲು, ಗೈಡ್ ಹೆಸರು ಕೊನೆಗೆ. ಮೊದಲ ಜಾಗದಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯಾ? ಥಿಯರಿಯ ಕೆಲವು ಕಡೆ ಅಕ್ಷರಮಾಲೆ ಕ್ರಮದಲ್ಲಿ ಹಾಕುತ್ತಾರೆ, ಅಲ್ಲಿ ಜಾಗಕ್ಕೆ ಅರ್ಥವಿಲ್ಲ. ವಿದ್ಯಾರ್ಥಿಯ ಹೆಸರು ಇದೆಯಾ ಅಂತ ನೋಡಿದರೆ ಸಾಕು.

ಹಾಗೆ ಸಿಕ್ಕಿದ ಹೆಸರುಗಳಲ್ಲಿ ಇಬ್ಬರು ಮೂವರಿಗೆ ಅವಳು ಈಮೇಲ್ ಮಾಡಲಿ. ಥೀಸಿಸ್‌ಗೆ ಎಷ್ಟು ವರ್ಷ ಹಿಡಿಯಿತು, ಕರಡು ಕೊಟ್ಟರೆ ಗೈಡ್ ಎಷ್ಟು ದಿನದಲ್ಲಿ ಓದಿ ಕೊಡುತ್ತಿದ್ದರು ಅಂತ ಕೇಳಲಿ. ಇದಕ್ಕೆ ಸಂಕೋಚ ಬೇಡ. ನನ್ನ ಬಳಿ ಬಂದ ಎಷ್ಟೋ ಮಕ್ಕಳು ಕೇಳಿದ್ದಾರೆ, ಹೆಚ್ಚಿನವರಿಗೆ ಉತ್ತರ ಬಂದಿದೆ. 11 ಅಂಕದವರ ವಿದ್ಯಾರ್ಥಿಗಳು ಒಳ್ಳೆಯ ಮಾತು ಹೇಳಿದರೆ, ಅವಳನ್ನು ಅಲ್ಲಿಗೇ ಕಳಿಸಿ.