ವಾಚ್‌ಮ್ಯಾನ್ ಮಗಳನ್ನು ಓದಿಸಬೇಕು ಅಂತಿದೆ. ಖಾಸಗಿ ಶಾಲೆಗೆ ಸೇರಿಸಲಾ?

ಬೇಡ, ಶಾಲೆ ಬದಲಿಸಬೇಡಿ. ಹುಡುಗಿ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸ್, ತಿಂಗಳಿಗೆ ಮೂರು ಸಾವಿರ ಕೊಡಬಲ್ಲೆ, ಇಂಗ್ಲಿಷ್ ಬರಲ್ಲ ಅನ್ನೋದೇ ಚಿಂತೆ ಅಂತ ಬರೆದಿದ್ದೀರಿ. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಆ ದುಡ್ಡು ಫೀಸಿಗೇ ಸಾಲದೆ ಹೋಗಬಹುದು. ಈಗಿನ ಶಾಲೆಯಲ್ಲೇ ಓದಿದರೆ ಅದನ್ನು ಕೂಡಿಟ್ಟು ಡಿಗ್ರಿವರೆಗೂ ಓದಿಸಬಹುದು.

ಇನ್ನೊಂದು ಕಾರಣವಿದೆ. ಎಂಟನೇ ಕ್ಲಾಸಿನ ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಅದು. ಮನೆಯ ವರ್ಷದ ಆದಾಯ 3.5 ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದರೆ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಗೆ ಸೇರಿಸಿದರೆ ಅದು ಕೈತಪ್ಪುತ್ತದೆ. ಮುಂದೆ ಡಿಗ್ರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿ ಕೂಡ ಸರ್ಕಾರಿ ಶಾಲೆ, ಪಿಯು ಕಾಲೇಜಿನಲ್ಲಿ ಓದಿದವರಿಗೇ. ಎನ್‌ಎಂಎಂಎಸ್ ಬಗ್ಗೆ ಹೆಡ್‌ಮಾಸ್ಟರನ್ನು ಈ ವಾರವೇ ಹೋಗಿ ಕೇಳಿ, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಎರಡು ಪತ್ರಿಕೆ, ತಲಾ 90 ಅಂಕ. ಒಂದರಲ್ಲಿ ಸಂಖ್ಯಾ ಸರಣಿ, ಕನ್ನಡಿ ಬಿಂಬ, ಇಂಥ ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳು. ಪಾಠದಲ್ಲಿ ಅವು ಬರುವುದಿಲ್ಲ. ಭಾನುವಾರ ಒಂದು ಗಂಟೆ ನೀವೇ ಜೊತೆಗೆ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿ.

ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಸ್ಕಾಲರ್‌ಶಿಪ್ ನಿಂತುಬಿಡಬಹುದು. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಬೇಕಾಗುತ್ತದೆ. ಅಪ್ಪ ಅಮ್ಮನಿಗೆ ಇದಕ್ಕೆಲ್ಲ ಓಡಾಡಲು ರಜೆ ಸಿಗುವುದಿಲ್ಲ, ಅಲ್ವಾ? ನೀವು ಜೊತೆಗೆ ಹೋದರೆ ಅದೇ ದೊಡ್ಡ ಸಹಾಯ.

ನಾನು ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವವರ ಮಗಳನ್ನು ಹೈಸ್ಕೂಲಿನಿಂದ ಓದಿಸುತ್ತಿದ್ದೇನೆ. ಈಗ ನರ್ಸಿಂಗ್‌ನಲ್ಲಿದ್ದಾಳೆ. ಅವಳ ಓದು ನಿಂತೇಹೋಗುತ್ತೇನೋ ಅನ್ನಿಸಿದ್ದು ಒಮ್ಮೆ ಮಾತ್ರ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ. ಒಳ್ಳೆ ಅಂಕ ಬಂದಿತ್ತು. ಆದರೂ ಅವಳಮ್ಮ, "ಎರಡು ವರ್ಷ ಇವಳೂ ದುಡಿದ್ರೆ ಕೈಸಾಲ ತೀರುತ್ತೆ ಅಕ್ಕ" ಅಂದರು. ಯಾವುದೋ ಅಂಗಡಿಯಲ್ಲಿ ಮಾತಾಡಿಯೂ ಆಗಿತ್ತು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಮಗಳು ಕಾಲೇಜಿಗೆ ಹೋದರೆ ಆ ಮನೆಗೆ ಒಂದು ಸಂಬಳ ಬರದೇ ಹೋಗುತ್ತದೆ. ಫೀಸ್ ಯಾರು ಕೊಟ್ಟರೂ ಆ ಚಿಂತೆ ಹೋಗುವುದಿಲ್ಲ. ಹಾಗಾಗಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸಾಲ ಎಷ್ಟು, ಬಡ್ಡಿ ಎಷ್ಟು, ಹೊಲಿಗೆಯಿಂದ ಎಷ್ಟು ಬರುತ್ತದೆ. ನಾನು ಪರಿಚಯದ ಮನೆಗಳಿಗೆಲ್ಲ ಹೇಳಿದೆ, ಅವರಿಗೆ ಬ್ಲೌಸ್ ಹೊಲಿಗೆ ಜಾಸ್ತಿ ಸಿಕ್ಕಿತು. ಮಗಳ ಕೋರ್ಸ್ ಮುಗಿಯುವ ತನಕ ನಾನಿರ್ತೀನಿ ಅಂತ ಮಾತು ಕೊಟ್ಟೆ. ಆಮೇಲೆ ಅವರು ಕೆಲಸದ ಮಾತು ಎತ್ತಲಿಲ್ಲ. ನೀವೂ ಎಷ್ಟು ವರ್ಷ ಕೊಡುತ್ತೀರಿ ಅನ್ನುವುದನ್ನು ಆ ಅಪ್ಪ ಅಮ್ಮನಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಮಧ್ಯದಲ್ಲಿ ಕೈಬಿಟ್ಟರೆ ಮಗು ಎಲ್ಲೂ ಸಲ್ಲದ ಹಾಗಾಗುತ್ತದೆ.

ದುಡ್ಡಿನ ವಿಷಯ. ಸ್ಕಾಲರ್‌ಶಿಪ್ ಬರುತ್ತದೆ, ಆದರೆ ತಡವಾಗಿ. ಕಾಲೇಜಿನ ಫೀಸ್ ಮಾತ್ರ ಸೇರುವಾಗಲೇ ಕಟ್ಟಬೇಕು. ಆ ತಿಂಗಳಿಗೆ ಅಂತ ದುಡ್ಡು ತೆಗೆದಿಡಿ. ಫೀಸನ್ನು ನೇರ ಕಾಲೇಜಿಗೆ ಕಟ್ಟಿ, ರಸೀದಿ ಹುಡುಗಿ ಹೆಸರಲ್ಲೇ ಇರಲಿ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಬಸ್ಸಿನ ಖರ್ಚು ಉಳಿಯುತ್ತದೆ. ಕಣ್ಣು ಒಮ್ಮೆ ತೋರಿಸಿ. ಬೋರ್ಡ್ ಕಾಣದ ಮಕ್ಕಳು ಎಷ್ಟೋ ಸಲ ಹೇಳುವುದೇ ಇಲ್ಲ. ಹೀಗೆ ಒಂದು ಮನೆಗೆ ನೇರವಾಗಿ ಕೊಟ್ಟ ದುಡ್ಡಿಗೆ ದಾನದ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಅವಳ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಕಮ್ಮಿ ಅಂಕ ಬಂದಾಗ ದುಡ್ಡಿನ ಮಾತು ಎತ್ತಬೇಡಿ. ಏನು ಓದಬೇಕು ಅನ್ನುವುದು ಅವಳ ಇಷ್ಟಕ್ಕೆ ಬಿಟ್ಟಿದ್ದು.

ಇಂಗ್ಲಿಷ್ ಚಿಂತೆ ನಿಜವೇ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದವರೂ ಪಿಯುಸಿ ಸೈನ್ಸ್‌ನಲ್ಲಿ ಮೊದಲ ವರ್ಷ ಒದ್ದಾಡುತ್ತಾರೆ. ಒಂಬತ್ತನೇ ಕ್ಲಾಸಿನಿಂದ ಒಬ್ಬ ಒಳ್ಳೆ ಟೀಚರ್ ಹತ್ತಿರ ಇಂಗ್ಲಿಷ್ ಟ್ಯೂಷನ್ ಕೊಡಿಸಿ. ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲಿ ಅದೇ ಗಣಿತ, ವಿಜ್ಞಾನದ ಪಾಠಗಳನ್ನು ಇಂಗ್ಲಿಷ್ ಪುಸ್ತಕದಿಂದ ಇನ್ನೊಮ್ಮೆ ಓದಿಸಿ. ಸರ್ಕಾರದ ಪಠ್ಯಪುಸ್ತಕಗಳ ಪಿಡಿಎಫ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ.